ಮಡಿಕೇರಿ ಸಂತೆಯಲ್ಲಿ ಮೂರು ಲೆನ್ಸು, ಒಂದು ಫೋನು

ಹೋದ ಮಳೆಗಾಲದಿಂದ ಈ ಮಳೆಗಾಲದವರೆಗೆ ಹೆಚ್ಚುಕಮ್ಮಿ ಎಲ್ಲ ಶುಕ್ರವಾರವೂ ಮಡಿಕೇರಿ ಸಂತೆ ಸುತ್ತಿದ್ದೇನೆ. ತರಕಾರಿ ಬರೀ ನೆಪ. ಕುತ್ತಿಗೆಯಲ್ಲಿ ಹಳೇ ಕ್ಯಾನನ್ 200ಡಿ ಕ್ಯಾಮೆರಾ, ಜೇಬಿನಲ್ಲಿ ಫೋನು. ಗುರುತಿಲ್ಲದವರ ಫೋಟೋವನ್ನು, ಅವರು ಮುಖ ನೇರ ಮಾಡಿಕೊಳ್ಳುವ ಮೊದಲೇ ತೆಗೆಯಲು ಯಾವುದು ವಾಸಿ ಅಂತ ನೋಡಬೇಕಿತ್ತು. ಗುರುತಿಲ್ಲದವರು ಅನ್ನೋದೂ ಇಲ್ಲಿ ಅರ್ಧ ಸುಳ್ಳೇ. ಬೆಂಗಳೂರಲ್ಲಾದರೆ ಕ್ಲಿಕ್ ಮಾಡಿ ನಡೆದುಬಿಡಬಹುದು. ಇಲ್ಲಿ ಮುಂದಿನ ಶುಕ್ರವಾರ ಅವರ ಹತ್ತಿರವೇ ಬೀನ್ಸ್ ತೂಗಿಸಿಕೊಳ್ಳಬೇಕು.

ಮೊದಲು ಹಾಕಿದ್ದು 55-250 ಎಂಎಂ ಜೂಮ್ ಲೆನ್ಸು. ಈ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಲೆನ್ಸಿನ ಅಳತೆಯನ್ನು 1.6ರಿಂದ ಗುಣಿಸಬೇಕು. ಅಂದರೆ 250 ಎಂಬುದು ಫುಲ್ ಫ್ರೇಮ್ (ಹಳೇ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ 400. ರಸ್ತೆಯ ಈಚೆ ನಿಂತು ಆಚೆಯವರ ಕಿವಿಯ ಓಲೆ ನೋಡಬಹುದು. ಧೈರ್ಯವಿಲ್ಲದವರಿಗೆ ಇದು ಸುಲಭ, ನನಗೂ ಸುಲಭವಾಗೇ ಇತ್ತು. ಆದರೆ ಮನೆಗೆ ಬಂದು ನೋಡಿದರೆ ಎಲ್ಲ ಫೋಟೋ ಒಂದೇ ಥರ. ಒಂದು ಮುಖ, ಹಿಂದೆ ಮಸುಕು. ಸಂತೆಯೇ ಇಲ್ಲ! ಜೊತೆಗೆ, ಇಷ್ಟು ದೂರದಿಂದ ಫೋಟೋ ಅಲುಗದಂತೆ ಹೊಡೆಯಲು ಶಟರ್ 1/500 ಸೆಕೆಂಡ್ ಇದ್ದರೆ ವಾಸಿ. ಮಂಜು ಕವಿದ ದಿನ ಅಷ್ಟು ಬೆಳಕು ಎಲ್ಲಿಂದ ತರೋದು?

ಒಂದು ದಿನ ಒಣಮೀನಿನ ರಾಶಿಯ ಪಕ್ಕ ಬೀಡಿ ಹಚ್ಚುತ್ತಿದ್ದ ಅಜ್ಜನ ಮೇಲೆ ಜೂಮ್ ತಿರುಗಿಸಿದೆ. ಅವರು ಕಡ್ಡಿ ಆರಿಸಿ ನನ್ನನ್ನೇ ನೋಡಿದರು. “ಅಲ್ಲಿ ನಿಂತು ಎಂತ ಹೊಡಿತೀಯ? ಇಲ್ಲಿ ಬಾ.” ಹೋದೆ. ಸ್ಕ್ರೀನ್ ತೋರಿಸಿದೆ. ಬೇಡ ಅಂದರು, ಅವರೆದುರೇ ಅಳಿಸಿದೆ. ಆಮೇಲೆ ಜೂಮ್ ಅನ್ನು ಸಂತೆಗೆ ತಂದಿಲ್ಲ. ಸೂರ್ಯಾಸ್ತ ನೋಡಲು ಜನ ಸೇರುವ ರಾಜಾಸೀಟಿನಲ್ಲಿ ಸಂಜೆ ಹೊತ್ತು ಓಕೆ. ಅಲ್ಲಿ ಎಲ್ಲರ ಕೈಯಲ್ಲೂ ಕ್ಯಾಮೆರಾ, ಎಲ್ಲರ ಕಣ್ಣೂ ಸೂರ್ಯನ ಮೇಲೆ.

50 ಎಂಎಂ ಎಫ್1.8 ಲೆನ್ಸು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬೆಳಕು ಜಾಸ್ತಿ) ಕೊಂಡದ್ದು ಹುಚ್ಚಿಗೆ. ಬೀದಿ ಫೋಟೋಗಳಿಗೆ ಹೆಸರಾದ ಫ್ರೆಂಚ್ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೇ ಬ್ರೆಸಾನ್ ಜಾಸ್ತಿ ಬಳಸಿದ್ದು 50 ಅಂತ ಓದಿದ್ದೆ. ಅವರ ಲೈಕಾ ಫಿಲ್ಮ್ ಕ್ಯಾಮೆರಾದಲ್ಲಿ 50 ಅಂದರೆ 50, ನನ್ನದರಲ್ಲಿ 80 ಅನ್ನೋದು ಹಣ ಕೊಟ್ಟ ಮೇಲೆ ಹೊಳೆಯಿತು. ಸಂತೆಯ ಇಕ್ಕಟ್ಟಿನಲ್ಲಿ ಹಿಂದೆ ಸರಿದು ಸರಿದು ಒಮ್ಮೆ ಕಿತ್ತಳೆ ಬುಟ್ಟಿಗೆ ಒರಗಿದ್ದೇನೆ. ಆದರೂ ಇದನ್ನು ಮಾರಲ್ಲ. ದಸರಾ ದಶಮಂಟಪದ (ಹತ್ತು ದೇವಸ್ಥಾನಗಳ ದೀಪಾಲಂಕೃತ ಮಂಟಪಗಳ ಮೆರವಣಿಗೆ) ರಾತ್ರಿ ಇದಕ್ಕೆ ಸಾಟಿ ಇಲ್ಲ. ಎಫ್2, 1/125, ಐಎಸ್‌ಒ 3200 (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಇಟ್ಟು ಮಂಟಪಕ್ಕೆ ಬೆನ್ನು ಹಾಕಿ ಜನರ ಕಡೆ ತಿರುಗಿದರೆ ಸಾಕು. ಬಣ್ಣದ ಬೆಳಕು ಅವರ ಮುಖದ ಮೇಲೇ ಬೀಳುತ್ತಿರುತ್ತದೆ.

ಫೋನ್ ಬಗ್ಗೆ ನನಗೆ ಎರಡು ಮನಸ್ಸು. ಯಾರೂ ತಿರುಗಿಯೂ ನೋಡಲ್ಲ, ಮೆಸೇಜ್ ಓದ್ತಿದ್ದಾನೆ ಅಂದುಕೊಳ್ಳುತ್ತಾರೆ. ಅದೇ ನನಗೆ ಸರಿ ಬರಲ್ಲ. ಕ್ಯಾಮೆರಾ ಕಂಡರೆ ಬೇಡ ಅನ್ನಲು ಅವರಿಗೊಂದು ಅವಕಾಶ ಇರುತ್ತೆ, ಅಲ್ವಾ? ಮಳೆ ಹನಿ ಬಿದ್ದರೆ ಟಚ್ ಕೂಡ ಕೇಳಲ್ಲ, ವಾಲ್ಯೂಮ್ ಬಟನ್ ಒತ್ತಬೇಕು. ನೈಟ್ ಮೋಡ್ ಹಲವು ಫ್ರೇಮ್ ಸೇರಿಸಿ ಒಂದು ಮಾಡುವುದರಿಂದ ನಡೆಯುವವರ ಕಾಲು ಕಲಸಿಹೋಗುತ್ತದೆ.

ಕೊನೆಗೆ ಕ್ಯಾಮೆರಾದಲ್ಲೇ ಉಳಿದದ್ದು 24 ಎಂಎಂ ಎಫ್2.8. ದೋಸೆಯಷ್ಟಲ್ಲದಿದ್ದರೂ ಅಕ್ಕಿರೊಟ್ಟಿಯಷ್ಟು ತೆಳ್ಳಗಿನ ಲೆನ್ಸು, ತೂಕ 125 ಗ್ರಾಂ. ಫುಲ್ ಫ್ರೇಮ್ ಲೆಕ್ಕದಲ್ಲಿ ಸುಮಾರು 38. ಎರಡು ಮೀಟರ್ ದೂರದ ಯಾವುದಾದರೂ ಕಂಬಕ್ಕೆ ಫೋಕಸ್ ಮಾಡಿ, ಅದು ಮತ್ತೆ ಬದಲಾಗದಂತೆ ಮ್ಯಾನುಯಲ್‌ಗೆ ತಿರುಗಿಸುತ್ತೇನೆ, ಎಫ್8 ಇಡುತ್ತೇನೆ. ಸುಮಾರು 1.3 ಮೀಟರಿನಿಂದ 4 ಮೀಟರಿನವರೆಗೆ ಎಲ್ಲ ಸ್ಪಷ್ಟ. ಶಟರ್ 1/250. ಫೋಕಸ್‌ಗೆ ಕಾಯುವ ಕೆಲಸವಿಲ್ಲ, ಎತ್ತಿದೆ, ಒತ್ತಿದೆ. ಹತ್ತಿರ ಹೋಗಲೇಬೇಕು ಅನ್ನೋದೇ ಇದರ ಕಷ್ಟ. ಹೋದರೆ ಮುಖದ ಜೊತೆ ತಕ್ಕಡಿ, ಚೀಲ, ಕೊಡೆ, ಹಿಂದೆ ಚೌಕಾಸಿ ಮಾಡುವವರು ಎಲ್ಲ ಬರುತ್ತಾರೆ. ನಾನು ಅಲ್ಲೇ ಇರುವುದು ಎಲ್ಲರಿಗೂ ಗೊತ್ತು. ಮೂರನೇ ವಾರಕ್ಕೆ ನೋಡುವುದನ್ನೇ ಬಿಟ್ಟರು.

ಟಾರ್ಪಾಲಿನ ನೀಲಿಗೆ ಮಾತ್ರ ಯಾವ ಲೆನ್ಸೂ ಮದ್ದಲ್ಲ. ಅದರಡಿ ಕೂತವರ ಮುಖವೆಲ್ಲ ನೀಲಿ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೋಟೋ) ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಛಾಯೆ, ತಿದ್ದಿದರೆ ಮುಖ ಸರಿಯಾಗುತ್ತದೆ, ಹೊರಗಿನ ರಸ್ತೆ ಹಳದಿಯಾಗುತ್ತದೆ. ನಾನು ಸುಮ್ನೆ ಕಪ್ಪುಬಿಳುಪು ಮಾಡಿಬಿಡುತ್ತೇನೆ.

ಇನ್ನೊಂದು, ಕೊಡಗಿನವರಿಗೆ ಮಾತ್ರ. ಜೂಮ್ ಅನ್ನು ಬ್ಯಾಗಿನಲ್ಲೇ ಬಿಟ್ಟಿದ್ದೆ. ಆಗಸ್ಟ್‌ನಲ್ಲಿ ತೆಗೆದು ಟಾರ್ಚ್ ಹಿಡಿದರೆ ಒಳಗೆ ಜೇಡರ ಬಲೆಯಂಥ ಬೂಷ್ಟು. ತಪ್ಪು ನನ್ನದೇ. ಈಗ ಎಲ್ಲ ಲೆನ್ಸೂ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ.

ಕಳಲೆ ಮಾರುವ ಅಕ್ಕ 24 ಎಂಎಂ ಲೆನ್ಸಿನಲ್ಲಿ ತೆಗೆದ ಫೋಟೋದ ಪ್ರಿಂಟ್ ಕೇಳಿದ್ದಾರೆ. ಕಪ್ಪುಬಿಳುಪಿನದು ತೋರಿಸಿದರೆ, “ಇದೆಂತ, ಸತ್ತವರ ಫೋಟೋ ಹಾಗೆ? ಕಲರಲ್ಲಿ ಕೊಡು” ಅಂದರು. ಬರುವ ಶುಕ್ರವಾರ ನೀಲಿ ಮುಖವನ್ನೇ ಕೊಡಬೇಕು.