ಕೋಡ್ ಬಿಟ್ಟಿ, ಬಿಲ್ ಯಾವುದಕ್ಕೆ?

ಸಾಫ್ಟ್‌ವೇರ್ ಬರೆದು ಬದುಕಬೇಕು ಅಂತಿದ್ದೀರಿ. ಲೈಸೆನ್ಸ್ ಮಾರುವುದಾ, ಇಲ್ಲ ಕೋಡನ್ನು ಬಿಟ್ಟಿ ಕೊಟ್ಟು ಬೇರೆ ದಾರಿಯಲ್ಲಿ ದುಡಿಯುವುದಾ?

ಲೈಸೆನ್ಸ್ ಲೆಕ್ಕ ಸುಲಭ. ವಿಂಡೋಸ್ ನೋಡಿ, ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲೇ ಸಾಮಾನ್ಯವಾಗಿ ಅದರ ದುಡ್ಡೂ ಸೇರಿರುತ್ತದೆ. ಒಮ್ಮೆ ಬರೆದದ್ದನ್ನು ಎಷ್ಟು ಸಲ ಬೇಕಾದರೂ ಮಾರಬಹುದು. ಪೈರಸಿ ಕಾಟ ಇದ್ದದ್ದೇ.

ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ, ಆದರೆ ಕೋಡ್ ಎಲ್ಲರಿಗೂ ಬಿಟ್ಟಿ ಸಿಗುವ ಲಿನಕ್ಸ್ ಕಥೆ ಬೇರೆ. 1993ರಲ್ಲಿ ಶುರುವಾದ ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್ ಆವೃತ್ತಿಗೆ ವರ್ಷಕ್ಕಿಷ್ಟು ಅಂತ ಚಂದಾ ತೆಗೆದುಕೊಳ್ಳುತ್ತದೆ. ಬದಲಿಗೆ ಪರೀಕ್ಷೆ ಮಾಡಿದ ಅಪ್‌ಡೇಟ್, ಒಂದು ಆವೃತ್ತಿಗೆ 10 ವರ್ಷದ ಆಸರೆ, ರಾತ್ರಿ ಎರಡಕ್ಕೆ ಬ್ಯಾಂಕಿನ ಸರ್ವರ್ ಮಲಗಿದರೆ ಫೋನ್ ಎತ್ತುವ ಎಂಜಿನಿಯರ್. 2019ರಲ್ಲಿ ಐಬಿಎಂ ಈ ಕಂಪನಿಗೆ ಸುಮಾರು 3,400 ಕೋಟಿ ಡಾಲರ್ ಸುರಿಯಿತು. ಬಿಟ್ಟಿ ಮಾಲಿನ ಅಂಗಡಿಗೆ!

ನಕಲಿನ ಕಾಟ ಇಲ್ಲೂ ಇದೆ, ಅದೂ ಕಾನೂನು ಒಪ್ಪಿದ ನಕಲು. ರೆಡ್ ಹ್ಯಾಟಿನ ಕೋಡಿನಿಂದಲೇ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬ ಬಿಟ್ಟಿ ಆವೃತ್ತಿಗಳು ಹುಟ್ಟಿದವು. 2023ರಲ್ಲಿ ರೆಡ್ ಹ್ಯಾಟ್ ತನ್ನ ಆವೃತ್ತಿಯ ಸೋರ್ಸ್ ಕೋಡನ್ನು ಎಲ್ಲರೆದುರು ಇಡುವುದನ್ನು ನಿಲ್ಲಿಸಿ, ಗಿರಾಕಿಗಳಿಗೆ ಮಾತ್ರ ಅಂದಾಗ ದೊಡ್ಡ ಜಗಳವೇ ಆಯಿತು.

ನನ್ನ ಮಾತು ಕೇಳುವುದಾದರೆ, ಮೊದಲು ಗಿರಾಕಿ ಯಾರು ನೋಡಿ. ಕಿರಾಣಿ ಅಂಗಡಿಯವರು ಬಿಲ್ಲಿಂಗ್ ಸಾಫ್ಟ್‌ವೇರಿಗೆ ಕಾಸು ಬಿಚ್ಚಿಯಾರು. ಸಪೋರ್ಟಿಗೆ ಕೇಳಿದರೆ, "ಫೋನಲ್ಲಿ ಹೇಳಿದ್ರೆ ಆಯ್ತಲ್ವಾ, ಅದಕ್ಕೂ ದುಡ್ಡಾ?" ಅನ್ನುತ್ತಾರೆ. ಅಂಥವರಿಗೆ ಲೈಸೆನ್ಸೇ ಸರಿ. ಸರ್ವರ್ ಒಂದು ಗಂಟೆ ನಿಂತರೆ ಲಕ್ಷಗಟ್ಟಲೆ ಹೋಗುವಂಥವರು ಸಿಕ್ಕರೆ ಎರಡನೇ ದಾರಿ ಹಿಡಿಯಿರಿ. ಆಗ ರಾತ್ರಿಪಾಳಿಗೂ ಜನ ಬೇಕು. ಒಬ್ಬರೇ ಇದ್ದರೆ ಸುಮ್ನೆ ತಲೆನೋವು ಜಾಸ್ತಿ.