ಎಡ್ಬರ್ಗ್ ಹಿಡಿದಿದ್ದ ರ‍್ಯಾಕೆಟ್: ವಿಲ್ಸನ್ ಪ್ರೊ ಸ್ಟಾಫ್ 85 ಜೊತೆ ನಾಲ್ಕು ತಿಂಗಳು

ಹಳೆಯ ಟೆನಿಸ್ ರ‍್ಯಾಕೆಟ್‌ಗಳನ್ನು ಗೋಡೆಗೆ ತೂಗುಹಾಕಲೆಂದು ಕೊಳ್ಳುವವರಿದ್ದಾರೆ. ನಾನು ಆಡಲೆಂದೇ ಕೊಂಡೆ. ವಿಲ್ಸನ್ ಕಂಪನಿಯ ಪ್ರೊ ಸ್ಟಾಫ್ 85 ಎಂಬ ಈ ರ‍್ಯಾಕೆಟ್ 1980ರ ದಶಕದ ಮೊದಲರ್ಧದಲ್ಲಿ ಮಾರುಕಟ್ಟೆಗೆ ಬಂತು. ಸ್ವೀಡನ್ನಿನ ಸ್ಟೆಫಾನ್ ಎಡ್ಬರ್ಗ್ 1988 ಮತ್ತು 1990ರಲ್ಲಿ ವಿಂಬಲ್ಡನ್ ಗೆದ್ದದ್ದು ಇದನ್ನು ಹಿಡಿದು. ಪೀಟ್ ಸಾಂಪ್ರಸ್ ಮತ್ತು ಜಿಮ್ ಕೊರಿಯರ್ ಇದನ್ನು ಬಳಸಿದರು, ರೋಜರ್ ಫೆಡರರ್ ಹರೆಯದಲ್ಲಿ ಇದರಲ್ಲೇ ಆಡಿದರು. ಆದರೂ ನನ್ನ ಮಟ್ಟಿಗೆ ಇದು ಎಡ್ಬರ್ಗ್ ಅವರ ರ‍್ಯಾಕೆಟ್. ದೂರದರ್ಶನದಲ್ಲಿ ವಿಂಬಲ್ಡನ್ ನೋಡಿ ಬೆಳೆದ ನಮ್ಮ ತಲೆಮಾರಿನಲ್ಲಿ ಜರ್ಮನಿಯ ಬೋರಿಸ್ ಬೆಕರ್ ಪಕ್ಷ, ಎಡ್ಬರ್ಗ್ ಪಕ್ಷ ಎಂದು ಎರಡು ಪಂಗಡಗಳಿದ್ದವು. ನಾನು ಎರಡನೆಯದಕ್ಕೆ ಸೇರಿದವನು ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಮುಂದಿನ ಮಾತುಗಳನ್ನು ಓದುಗರು ಅದಕ್ಕೆ ತಕ್ಕಂತೆ ತೂಗಿಕೊಳ್ಳಬಹುದು.

ಮೊದಲು ವಸ್ತುವಿನ ವಿವರ. ಕಪ್ಪು ಚೌಕಟ್ಟು, ಅದರ ಮೇಲೆ ಕೆಂಪು ಮತ್ತು ಹಳದಿಯ ಸಣ್ಣ ಗೆರೆಗಳು. ಎಳೆ ಬಿಗಿದಿರುವ ಮುಖದ ವಿಸ್ತೀರ್ಣ 85 ಚದರ ಇಂಚು. ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ರ‍್ಯಾಕೆಟ್‌ಗಳು 97ರಿಂದ 105 ಚದರ ಇಂಚಿನವು ಎಂಬುದನ್ನು ನೆನೆದರೆ ಇದು ಎಷ್ಟು ಚಿಕ್ಕದೆಂದು ತಿಳಿದೀತು. ಚೌಕಟ್ಟಿನ ದಪ್ಪ 17 ಮಿಲಿಮೀಟರ್ ಮಾತ್ರ. ಗ್ರಾಫೈಟ್ ಮತ್ತು ಕೆವ್ಲಾರ್ ನಾರುಗಳನ್ನು ಜಡೆಯಂತೆ ಹೆಣೆದು ಮಾಡಿದ ಈ ಚೌಕಟ್ಟು ಮುಖದ ಎರಡೂ ಪಕ್ಕಗಳಲ್ಲಿ ತುಸು ಉಬ್ಬಿದೆ. ಚೆಂಡು ನಡುವಿನಿಂದ ಆಚೀಚೆ ತಗುಲಿದಾಗ ರ‍್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳದಿರಲೆಂದು ಅಲ್ಲಿ ತೂಕ ಹೆಚ್ಚಿಸಿದ್ದಾರೆ. ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ಎಳೆಸಮೇತ 358 ಗ್ರಾಂ ತೂಗಿತು. ಅಷ್ಟು ಭಾರವಿದ್ದರೂ ತೂಕವೆಲ್ಲ ಹಿಡಿಕೆಯ ಕಡೆಗಿರುವುದರಿಂದ ಎತ್ತಿದಾಗ ಭಾರವೆನಿಸುವುದಿಲ್ಲ. ಭಾರ ಅರಿವಿಗೆ ಬರುವುದು ಎರಡನೇ ಸೆಟ್‌ನಲ್ಲಿ.

ಕೊಂಡ ಬಗೆಯನ್ನೂ ಹೇಳಬೇಕು. ಕೆರೀಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ತಯಾರಾದ ಪ್ರತಿಗಳಿಗೆ ಸಂಗ್ರಾಹಕರು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ನನ್ನದು ತೈವಾನಿನಲ್ಲಿ ತಯಾರಾದದ್ದು, 9,500 ರೂಪಾಯಿಗೆ ಬಂತು. ಆನ್‌ಲೈನಿನಲ್ಲಿ ಮಾರಿದ ವ್ಯಾಪಾರಿ ಇದು ಬಹುತೇಕ ಹೊಸದೆಂದು ಬರೆದುಕೊಂಡಿದ್ದರು. ಬಿಚ್ಚಿ ನೋಡಿದರೆ ಎಳೆಗಳು ಹಾಯುವ ಪ್ಲಾಸ್ಟಿಕ್ ಗ್ರಾಮೆಟ್‌ಗಳಲ್ಲಿ ಮೂರು ಒಡೆದಿದ್ದವು, ಹಿಡಿಕೆಯ ಚರ್ಮ ಒಣಗಿ ಬೆರಳಿಗೆ ಪುಡಿಯಾಗಿ ಅಂಟುತ್ತಿತ್ತು. ದೂರು ಬರೆದದ್ದಕ್ಕೆ ಉತ್ತರವೇ ಬರಲಿಲ್ಲ. ಕೊನೆಗೆ ನಮ್ಮ ಕ್ಲಬ್ಬಿಗೆ ಬಂದು ಗಟ್ಟಿಂಗ್ ಹಾಕಿಕೊಡುವ, ಅಂದರೆ ಎಳೆ ಬಿಗಿದುಕೊಡುವ, ಹಿರಿಯರ ಕೈಗೆ ಒಪ್ಪಿಸಿದೆ. ಅವರು ಚೌಕಟ್ಟನ್ನು ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ಎರಡು ಸಲ ಬಡಿದು, "ಬಿರುಕಿಲ್ಲ ಸಾರ್, ಆದರೆ 55 ಪೌಂಡ್ ದಾಟಿಸಿ ಎಳೆದರೆ ನಾನು ಜವಾಬ್ದಾರನಲ್ಲ" ಎಂದರು. ಗ್ರಾಮೆಟ್‌ಗಳ ಜಾಗಕ್ಕೆ ಸಣ್ಣ ಪ್ಲಾಸ್ಟಿಕ್ ಕೊಳವೆಗಳನ್ನು ಕತ್ತರಿಸಿ ಕೂಡಿಸಿ, ಮೃದುವಾದ ಮಲ್ಟಿಫಿಲಮೆಂಟ್ ಎಳೆಯನ್ನು 54 ಪೌಂಡ್ ಬಿಗಿತಕ್ಕೆ ಎಳೆದುಕೊಟ್ಟರು. ಹೊಸ ಚರ್ಮದ ಹಿಡಿಕೆಯೂ ಸೇರಿ ಇನ್ನೂ ಎರಡು ಸಾವಿರ ರೂಪಾಯಿ ಖರ್ಚಾಯಿತು.

ಬೇಸ್‌ಲೈನಿನಿಂದ, ಅಂದರೆ ಅಂಗಣದ ಹಿಂದಿನ ಗೆರೆಯ ಬಳಿಯಿಂದ, ಆಡಿದ ಮೊದಲ ಎರಡು ವಾರ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಇಂದಿನ ರ‍್ಯಾಕೆಟ್‌ಗಳಲ್ಲಿ ಚೆಂಡನ್ನು ಕೆಳಗಿನಿಂದ ಉಜ್ಜಿದರೆ ಸಾಕು, ಸ್ಪಿನ್ ಪಡೆದು ಗೆರೆಯೊಳಗೆ ಬೀಳುತ್ತದೆ. ಇಲ್ಲಿ ಹಾಗೆ ಉಜ್ಜಲು ಹೋದರೆ ಚೆಂಡು ಚೌಕಟ್ಟಿನ ಅಂಚಿಗೆ ಬಡಿದು ಪಕ್ಕದ ಅಂಗಣದವರ ಕಾಲಿಗೆ ಹೋಗಿ ಬೀಳುತ್ತದೆ. ನಡುವಿನಿಂದ ಒಂದಿಂಚು ತಪ್ಪಿದ ಹೊಡೆತ ನೆಟ್ ದಾಟುವ ಮೊದಲೇ ಸಾಯುತ್ತದೆ, ನಡುಕ ಮೊಣಕೈವರೆಗೆ ಬರುತ್ತದೆ. ವಿಶೇಷವಾಗಿ ಫೋರ್‌ಹ್ಯಾಂಡಿನಲ್ಲಿ, ಎದೆಯೆತ್ತರಕ್ಕೆ ಪುಟಿದ ಚೆಂಡನ್ನು ಏನು ಮಾಡಬೇಕೆಂದೇ ನನಗೆ ತೋಚಲಿಲ್ಲ. ಎಡ್ಬರ್ಗ್ ಅವರ ಆಟದಲ್ಲಿ ಎದುರಾಳಿಗಳು ಹುಡುಕಿಕೊಂಡು ಹೋಗುತ್ತಿದ್ದ ಮೂಲೆಯೂ ಫೋರ್‌ಹ್ಯಾಂಡೇ. 1989ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ 17ರ ಹರೆಯದ ಮೈಕೆಲ್ ಚಾಂಗ್ ಎದುರು ಅವರು ಎರಡು ಸೆಟ್‌ಗಳಿಗೆ ಒಂದರಂತೆ ಮುಂದಿದ್ದು, ನಾಲ್ಕನೇ ಸೆಟ್‌ನಲ್ಲಿ ಒದಗಿಬಂದ ಬ್ರೇಕ್ ಪಾಯಿಂಟ್‌ಗಳನ್ನು (ಎದುರಾಳಿಯ ಸರ್ವ್ ಇರುವ ಗೇಮ್ ಗೆಲ್ಲುವ ಅವಕಾಶಗಳನ್ನು) ಕೈಚೆಲ್ಲಿ, ಐದನೆಯದರಲ್ಲಿ ಸೋತರು. ನಾಲ್ಕು ಗ್ರ್ಯಾಂಡ್‌ಸ್ಲಾಮ್‌ಗಳ ಪೈಕಿ ಅವರಿಗೆ ದಕ್ಕದೆ ಉಳಿದದ್ದು ಅದೊಂದೇ. ಮಣ್ಣಿನ ಅಂಗಣದಲ್ಲಿ ಈ ರ‍್ಯಾಕೆಟ್ ಹಿಡಿದು ನೆಟ್‌ಗೆ ನುಗ್ಗುತ್ತಲೇ ಫೈನಲ್‌ವರೆಗೆ ಹೇಗೆ ಹೋದರು ಎಂಬುದೇ ಈಗ ನನಗೆ ಸೋಜಿಗದ ಸಂಗತಿ.

ಮೂರನೇ ವಾರ ನಾನು ನೆಟ್‌ಗೆ ಹೋದೆ, ರ‍್ಯಾಕೆಟ್ ಬೇರೆಯೇ ಆಯಿತು. ವಾಲಿಯಲ್ಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವಾಗ, ಬೀಸು ಬೇಕಿಲ್ಲ. ರ‍್ಯಾಕೆಟನ್ನು ಚೆಂಡಿನ ದಾರಿಯಲ್ಲಿ ಗಟ್ಟಿಯಾಗಿ ಹಿಡಿದರೆ ಅದರ ತೂಕವೇ ಉಳಿದ ಕೆಲಸ ಮಾಡುತ್ತದೆ. ಎದುರಿನವರು ಎಷ್ಟೇ ಜೋರಾಗಿ ಹೊಡೆಯಲಿ, ಹಗುರವಾದ ರ‍್ಯಾಕೆಟ್ ಹಿಂದಕ್ಕೆ ತಳ್ಳಲ್ಪಡುವ ಕಡೆ ಇದು ಕದಲುವುದಿಲ್ಲ. ತೆಳು ಚೌಕಟ್ಟು ತುಸುವೇ ಬಾಗುವುದರಿಂದ ಚೆಂಡು ಎಳೆಗಳ ಮೇಲೆ ಒಂದು ಕ್ಷಣ ಕೂತು ಹೋದಂತೆ ಬೆರಳಿಗೆ ತಿಳಿಯುತ್ತದೆ. ಪಾದದ ಬಳಿಗೆ ಬಂದ ತಗ್ಗಿನ ಚೆಂಡನ್ನು ಮಂಡಿ ಬಾಗಿಸಿ ಬ್ಯಾಕ್‌ಹ್ಯಾಂಡಿನಲ್ಲಿ ಎತ್ತಿ ಗೆರೆಯ ಹತ್ತಿರ ಇಟ್ಟ ಒಂದು ಹೊಡೆತ ನನಗೆ ಇನ್ನೂ ನೆನಪಿದೆ. ಈ ರ‍್ಯಾಕೆಟ್ ಇಲ್ಲದೆ ಅದನ್ನು ನಾನು ಪ್ರಯತ್ನಿಸುತ್ತಲೂ ಇರಲಿಲ್ಲ.

ಈ ಜಾಗದಲ್ಲಿ ನಿಂತರೆ ಎಡ್ಬರ್ಗ್ ಅವರ ವೃತ್ತಿಜೀವನದ ಒಂದು ತಿರುವು ಸ್ಪಷ್ಟವಾಗುತ್ತದೆ. ಪೊಲೀಸ್ ಉದ್ಯೋಗಿಯ ಮಗನಾಗಿ 1966ರ ಜನವರಿ 19ರಂದು ಕರಾವಳಿಯ ವೆಸ್ತರ್ವಿಕ್ ಪಟ್ಟಣದಲ್ಲಿ ಹುಟ್ಟಿದ ಅವರು, ಆ ಕಾಲದ ಸ್ವೀಡನ್ನಿನ ಮಕ್ಕಳಂತೆಯೇ ಎರಡು ಕೈಗಳ ಬ್ಯಾಕ್‌ಹ್ಯಾಂಡ್ ಆಡುತ್ತಿದ್ದರು. ಬ್ಯೋರ್ನ್ ಬೋರ್ಗ್ ಹಾಕಿಕೊಟ್ಟ ಮೇಲ್ಪಂಕ್ತಿ ಅದು: ಹಿಂದೆ ನಿಲ್ಲು, ಎರಡು ಕೈಯಲ್ಲಿ ಹೊಡೆ, ಎದುರಾಳಿ ತಪ್ಪುವವರೆಗೆ ಕಾಯಿ. ಮ್ಯಾಟ್ಸ್ ವಿಲಾಂಡರ್ ಆ ದಾರಿಯಲ್ಲೇ ನಡೆದರು. ಬೋರ್ಗ್ ಅವರಿಗೂ ಎಳವೆಯಲ್ಲಿ ಕಲಿಸಿದ್ದ ಪರ್ಸಿ ರೋಸ್‌ಬರ್ಗ್ ಅವರೇ ಎಡ್ಬರ್ಗ್‌ಗೆ ಮಾತ್ರ ಒಂದು ಕೈ ಬಿಡುವಂತೆ ಸಲಹೆ ಕೊಟ್ಟರು. ಒಬ್ಬ ಶಿಷ್ಯನಿಗೆ ಕೊಟ್ಟ ಪಾಠವನ್ನೇ ಎಲ್ಲರಿಗೂ ಒಪ್ಪಿಸುವ ಗುರುಗಳನ್ನು ಕಂಡ ನಮಗೆ ಇದು ದೊಡ್ಡ ಸಂಗತಿಯಾಗಿಯೇ ಕಾಣಬೇಕು. ಆ ಒಂದು ಕೈಯ ಬ್ಯಾಕ್‌ಹ್ಯಾಂಡ್ ಮುಂದೆ ಟೆನಿಸ್ ಕಂಡ ಅತಿ ಸುಂದರ ಹೊಡೆತಗಳಲ್ಲಿ ಒಂದಾಯಿತು. ನೆಟ್ ಬಳಿ ತೋಳನ್ನು ಚಾಚಲು ಅದೇ ಸ್ವಾತಂತ್ರ್ಯ ಕೊಟ್ಟಿತು. 1983ರಲ್ಲಿ ಅವರು ನಾಲ್ಕೂ ಜೂನಿಯರ್ ಗ್ರ್ಯಾಂಡ್‌ಸ್ಲಾಮ್‌ಗಳನ್ನು ಒಂದೇ ವರ್ಷದಲ್ಲಿ ಗೆದ್ದರು. 1985ರ ಕೊನೆಯಲ್ಲಿ ಮೆಲ್ಬರ್ನಿನ ಕೂಯಾಂಗ್‌ನ ಹುಲ್ಲಿನ ಮೇಲೆ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಸೋಲಿಸಿದ್ದು ಅದೇ ವಿಲಾಂಡರ್ ಅವರನ್ನು, 6-4, 6-3, 6-3ರಿಂದ. 1987ರ ಜನವರಿಯಲ್ಲಿ ಅಲ್ಲಿಯೇ ಪ್ಯಾಟ್ ಕ್ಯಾಶ್ ಎದುರು ಐದು ಸೆಟ್‌ಗಳಲ್ಲಿ ಗೆದ್ದರು.

ಸರ್ವ್ ಬಗ್ಗೆ ನನ್ನ ತೀರ್ಮಾನ ಅಷ್ಟು ಸುಲಭದ್ದಲ್ಲ. ನೇರವಾಗಿ ಬಲ ಹಾಕಿ ಹೊಡೆದ ಮೊದಲ ಸರ್ವ್ ಇದರಲ್ಲಿ ಚೆನ್ನಾಗಿ ಹೋಗುತ್ತದೆ. ಆದರೆ ಎಡ್ಬರ್ಗ್ ಅವರ ಆಸ್ತಿ ಕಿಕ್ ಸರ್ವ್. ಚೆಂಡನ್ನು ತಲೆಯ ಹಿಂಬದಿಗೆ ಎಸೆದು, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಎತ್ತರಕ್ಕೆ ಪುಟಿಯುವಂತೆ ಹೊಡೆದ ಆ ಸರ್ವ್ ನಿಧಾನವಾಗಿಯೇ ಹೋಗುತ್ತಿತ್ತು, ಆ ನಿಧಾನದಲ್ಲಿ ಅವರು ನೆಟ್ ಬಳಿ ತಲುಪಿಬಿಡುತ್ತಿದ್ದರು. ನಾನು ಪ್ರಯತ್ನಿಸಿದಾಗ ಚೆಂಡೂ ನಿಧಾನ, ನಾನೂ ನಿಧಾನ. ಆ ಕಿಕ್ ಈ ರ‍್ಯಾಕೆಟ್‌ನೊಳಗಿಲ್ಲ, ಅದನ್ನು ಬೆನ್ನು ಮತ್ತು ಕಾಲಿನಿಂದ ತರಬೇಕು. ಬೋರಿಸ್ ಬೆಕರ್ ಎದುರು ಸತತ ಮೂರು ವಿಂಬಲ್ಡನ್ ಫೈನಲ್‌ಗಳನ್ನು ಆಡಿದವರು ಎಡ್ಬರ್ಗ್. 1988ರದ್ದು ಮಳೆಯಿಂದ ಸೋಮವಾರಕ್ಕೆ ಹೋಯಿತು, ನಾಲ್ಕು ಸೆಟ್‌ಗಳಲ್ಲಿ ಗೆದ್ದರು, 1989ರಲ್ಲಿ ಸೋತರು, 1990ರಲ್ಲಿ 6-2, 6-2ರಿಂದ ಮುಂದಿದ್ದು, ಮುಂದಿನ ಎರಡು ಸೆಟ್ ಕಳೆದುಕೊಂಡು, ಐದನೆಯದರಲ್ಲಿ 1-3ರ ಹಿನ್ನಡೆಯಿಂದ ಎದ್ದು 6-4ರಲ್ಲಿ ಮುಗಿಸಿದರು. ಅದೇ ಆಗಸ್ಟ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿ, ಒಟ್ಟು 72 ವಾರ ಅಲ್ಲಿದ್ದರು.

ಎಲ್ಲವನ್ನೂ ರ‍್ಯಾಕೆಟ್‌ನಿಂದಲೇ ವಿವರಿಸುವ ನನ್ನ ಉತ್ಸಾಹಕ್ಕೆ ಅಡ್ಡ ಬರುವ ಒಂದು ಸಂಗತಿಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಡ್ಬರ್ಗ್ ಗೆದ್ದ ಎರಡು ಯು.ಎಸ್. ಓಪನ್ ಫೈನಲ್‌ಗಳಲ್ಲಿ ನೆಟ್‌ನ ಆಚೆ ಇದ್ದದ್ದು 1991ರಲ್ಲಿ ಕೊರಿಯರ್, 1992ರಲ್ಲಿ ಸಾಂಪ್ರಸ್. ಇಬ್ಬರೂ ಪ್ರೊ ಸ್ಟಾಫ್ ಹಿಡಿದವರೇ. ಕೊರಿಯರ್ ಇದೇ ಚಿಕ್ಕ ಮುಖದ ರ‍್ಯಾಕೆಟ್‌ನಿಂದ ಬೇಸ್‌ಲೈನಿನಲ್ಲಿ ನಿಂತು ಫೋರ್‌ಹ್ಯಾಂಡನ್ನು ಬೇಸ್‌ಬಾಲ್ ಬ್ಯಾಟಿನಂತೆ ಬೀಸುತ್ತಿದ್ದರು. ಹಾಗಾದರೆ ನನ್ನ ಫೋರ್‌ಹ್ಯಾಂಡಿನ ದುರವಸ್ಥೆಗೆ ರ‍್ಯಾಕೆಟನ್ನಷ್ಟೇ ದೂರುವಂತಿಲ್ಲ. ಕೊರಿಯರ್ ಎದುರಿನ ಆ ಫೈನಲ್‌ನಲ್ಲಿ ಎಡ್ಬರ್ಗ್ 6-2, 6-4, 6-0ರಿಂದ ಗೆದ್ದರು. ಮರುವರ್ಷ ಕ್ರಾಯಿಚೆಕ್, ಲೆಂಡ್ಲ್, ಚಾಂಗ್ ಮೂವರ ಎದುರೂ ಐದನೇ ಸೆಟ್‌ನಲ್ಲಿ ತಮ್ಮ ಸರ್ವ್ ಇದ್ದ ಗೇಮ್ ಕಳೆದುಕೊಂಡು ಹಿಂದಿದ್ದವರು ಮೂರೂ ಪಂದ್ಯ ಗೆದ್ದರು. ಚಾಂಗ್ ಎದುರಿನ ಸೆಮಿಫೈನಲ್ 5 ಗಂಟೆ 26 ನಿಮಿಷ ನಡೆಯಿತು. ಇದನ್ನು ಹಿಡಿದು ಒಂದು ಗಂಟೆ ಹತ್ತು ನಿಮಿಷ ಸಿಂಗಲ್ಸ್ ಆಡಿದ ದಿನ ನಾನು ರಾತ್ರಿ ಊಟಕ್ಕೆ ಅನ್ನ ಕಲಸಲು ಎಡಗೈಯನ್ನು ನೆಚ್ಚಬೇಕಾಯಿತು ಎಂದರೆ ಉಳಿದದ್ದನ್ನು ಓದುಗರು ಊಹಿಸಬಹುದು.

ಡಬಲ್ಸ್‌ಗೆ ಮಾತ್ರ ಇದನ್ನು ಮನಸ್ಸು ಬಿಚ್ಚಿ ಶಿಫಾರಸು ಮಾಡುತ್ತೇನೆ. ಓಡಾಟ ಅರ್ಧಕ್ಕಿಳಿದು ವಾಲಿ ದುಪ್ಪಟ್ಟಾಗುವ ಆಟದಲ್ಲಿ ಇದರ ದೋಷಗಳು ಮರೆಗೆ ಸರಿದು ಗುಣಗಳೇ ಎದ್ದು ಕಾಣುತ್ತವೆ. ಎಡ್ಬರ್ಗ್ ಸಿಂಗಲ್ಸ್‌ಗಿಂತ ಮೊದಲೇ, 1986ರಲ್ಲಿ, ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನ ಮುಟ್ಟಿದ್ದರು. 1996ರಲ್ಲಿ, ನಿವೃತ್ತಿಯ ವರ್ಷದಲ್ಲೂ, ಪೆತ್ರ್ ಕೋರ್ಡಾ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಅಂದಹಾಗೆ, ಈ ರ‍್ಯಾಕೆಟನ್ನು ನೆಲಕ್ಕೆ ಅಪ್ಪಳಿಸಲು ನನಗೆ ಮನಸ್ಸು ಬಂದದ್ದು ಒಂದಲ್ಲ ಎರಡು ಸಲ. ಪುರುಷರ ವೃತ್ತಿಪರ ಟೆನಿಸ್ ಸಂಘವಾದ ಎ.ಟಿ.ಪಿ. ನೀಡುವ ಕ್ರೀಡಾಮನೋಭಾವದ ಪ್ರಶಸ್ತಿಯನ್ನು ಐದು ಬಾರಿ ಪಡೆದು, ಕೊನೆಗೆ ಆ ಪ್ರಶಸ್ತಿಗೇ ತಮ್ಮ ಹೆಸರು ಇಡುವಂತೆ ಮಾಡಿದವರ ರ‍್ಯಾಕೆಟ್ ಎಂಬ ನಾಚಿಕೆ ಕೈ ತಡೆಯಿತು. 9,500 ರೂಪಾಯಿಯೂ ತಡೆಯಿತು.

ಹೊಸದೊಂದು 98 ಚದರ ಇಂಚಿನ ರ‍್ಯಾಕೆಟ್‌ಗೆ ಹೋಲಿಸಿದರೆ ಪ್ರೊ ಸ್ಟಾಫ್ 85 ಬಹುತೇಕ ಎಲ್ಲ ಲೆಕ್ಕದಲ್ಲೂ ಹಿಂದೆ. 2014ರಲ್ಲಿ ಎಡ್ಬರ್ಗ್ ಫೆಡರರ್ ಅವರ ತರಬೇತುದಾರರಾದರು. 90 ಚದರ ಇಂಚಿನದನ್ನು ಬಿಟ್ಟು 97ರದ್ದಕ್ಕೆ ಫೆಡರರ್ ಬದಲಾದದ್ದೂ ಆ ವರ್ಷದ ಆರಂಭದಲ್ಲೇ. ಆ ಬದಲಾವಣೆಯ ನಂತರ ಅವರು ಹೆಚ್ಚು ಹೆಚ್ಚಾಗಿ ನೆಟ್‌ಗೆ ಬರತೊಡಗಿದರು ಎಂಬುದನ್ನು ಗಮನಿಸಿದರೆ, ಎಡ್ಬರ್ಗ್ ಅವರ ಆಟಕ್ಕೆ ಎಡ್ಬರ್ಗ್ ಅವರ ರ‍್ಯಾಕೆಟ್ಟೇ ಬೇಕೆಂದೇನಿಲ್ಲ. ಆದ್ದರಿಂದ ಟೆನಿಸ್ ಕಲಿಯುತ್ತಿರುವವರು, ಮೊಣಕೈ ನೋವಿರುವವರು, ವಾರಕ್ಕೊಮ್ಮೆ ಮಾತ್ರ ಆಡುವವರು ಇದನ್ನು ಕೊಳ್ಳಬಾರದು. ಒಂದು ಕೈಯ ಬ್ಯಾಕ್‌ಹ್ಯಾಂಡ್ ಇರುವ, ನೆಟ್ ಬಳಿ ಹೋಗಲು ಹಿಂಜರಿಯದ, ಹತ್ತು ವರ್ಷವಾದರೂ ಆಡಿ ಪಳಗಿದವರು ಕೊಳ್ಳಬಹುದು. ಕೊಳ್ಳುವ ಮೊದಲು ಗ್ರಾಮೆಟ್‌ಗಳ ಹತ್ತಿರದ ಫೋಟೊ, ಹಿಡಿಕೆಯ ತಳದ ಫೋಟೊ ಎರಡನ್ನೂ ಕೇಳಿ ಪಡೆಯಿರಿ. ಕಳಿಸಲು ತಕರಾರು ಮಾಡುವವರಿಂದ ಕೊಳ್ಳಬೇಡಿ. ನನ್ನದು ಈಗ ಭಾನುವಾರದ ಡಬಲ್ಸ್‌ಗೆ ಮೀಸಲು. ಕಳೆದ ವಾರ ಎಳೆ ಕಿತ್ತಿದೆ. ಗಟ್ಟಿಂಗ್ ಹಾಕುವ ಹಿರಿಯರು ಈ ಸಲ 52ಕ್ಕೆ ಇಳಿಸೋಣ ಎಂದಿದ್ದಾರೆ.