ದೋಣಿಯ ಡೀಸೆಲ್ ಒಲೆ: ಮೂರು ಬೇಸಿಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಒಲೆಯನ್ನು ನಾವು ಹುಡುಕಿ ಕೊಂಡದ್ದಲ್ಲ. ದೋಣಿಯ ಜೊತೆ ಬಂದದ್ದು. 2022ರಲ್ಲಿ ವ್ಯಾಂಕೂವರ್‌ನಲ್ಲಿ 32 ಅಡಿ ಉದ್ದದ ಹಳೇ ಮೋಟಾರ್ ದೋಣಿಯೊಂದನ್ನು ಕೊಂಡೆವು. ನನಗಿಂತ ಎರಡು ವರ್ಷ ದೊಡ್ಡದು. ಮಾರಿದ ಅಜ್ಜ ಎಂಜಿನ್ ಬಗ್ಗೆ ಐದು ನಿಮಿಷ ಮಾತಾಡಿದರು, ಒಲೆಯ ಬಗ್ಗೆ ಮುಕ್ಕಾಲು ಗಂಟೆ. ಕಾರು ಹತ್ತಿದವರು ಮತ್ತೆ ಇಳಿದು ಬಂದು, "ಬೇರೇನು ಕಿತ್ತು ಬಿಸಾಕಿದರೂ ಇದನ್ನು ಬಿಸಾಕಬೇಡಿ" ಅಂದರು. ಮುದುಕರಿಗೆ ಸುಮ್ನೆ ಏನೋ ಒಂದು ಮಮತೆ ಅಂದುಕೊಂಡೆವು.

ಮೊದಲೆರಡು ಬೇಸಿಗೆ ಶನಿವಾರ ಭಾನುವಾರದ ಸುತ್ತಾಟವಷ್ಟೇ. ಒಲೆ ಹಚ್ಚಿದ್ದು ಐದಾರು ಸಲ ಇರಬಹುದು. ನಿಜವಾದ ಪರೀಕ್ಷೆ 2024ರಲ್ಲಿ. ನಮ್ಮವರು ಸಂಬಳವಿಲ್ಲದ ರಜೆ ಹಾಕಿದರು, ನನ್ನ ಕಾಂಟ್ರಾಕ್ಟ್ ಮುಗಿದಿತ್ತು. ಮೇ ಕೊನೆಗೆ ಹೊರಟು, ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ಒಳಜಲಮಾರ್ಗದಲ್ಲಿ ಪ್ರಿನ್ಸ್ ರೂಪರ್ಟ್‌ವರೆಗೆ ಹೋಗಿ, ಆಗಸ್ಟ್ ಕೊನೆಗೆ ವಾಪಸ್ ಬಂದೆವು. ದಿನಾ ರಾತ್ರಿ ದೋಣಿ ಕಟ್ಟಲು ಮರೀನಾಕ್ಕೆ ದುಡ್ಡು ಕೊಡುವಷ್ಟು ಶಕ್ತಿ ಇರಲಿಲ್ಲ. ಹೆಚ್ಚಿನ ರಾತ್ರಿ ಯಾವುದೋ ಕೊಲ್ಲಿಯಲ್ಲಿ ಲಂಗರು. ದಡದ ಕರೆಂಟು ಇಲ್ಲ ಅಂದಮೇಲೆ ಬಿಸಿಗೆ ಇರುವುದು ಇದೊಂದೇ ಒಲೆ.

ಅಳತೆ, ತೂಕ ಎಲ್ಲ ಕಂಪನಿಯ ಕೈಪಿಡಿಯಲ್ಲಿ ಸಿಗುತ್ತದೆ, ನಾನು ಬರೆಯಲ್ಲ. ಕೆಲಸ ಮಾಡುವ ರೀತಿ ಮಾತ್ರ ಹೇಳುತ್ತೇನೆ. ಪಂಪು ಇಲ್ಲ, ಬ್ಯಾಟರಿ ಬೇಡ. ಎತ್ತರದಲ್ಲಿರುವ ಚಿಕ್ಕ ಟ್ಯಾಂಕಿನಿಂದ ಡೀಸೆಲ್ ತೊಟ್ಟು ತೊಟ್ಟಾಗಿ ಇಳಿದು, ಒಲೆಯೊಳಗಿನ ಕಬ್ಬಿಣದ ಬಟ್ಟಲಿಗೆ ಬೀಳುತ್ತದೆ. ಚಿಮಣಿ ಎಷ್ಟು ಗಾಳಿ ಎಳೆಯುತ್ತದೋ ಅಷ್ಟು ಉರಿ. ಒಂದರಿಂದ ಆರರವರೆಗೆ ತಿರುಗುವ ಒಂದು ಗುಂಡಿ. ಅಷ್ಟೇ.

ಹಚ್ಚುವುದೇ ಒಂದು ಪೂಜೆ. ಗುಂಡಿ ತಿರುಗಿಸಿ, ಬಟ್ಟಲಿನ ತಳ ರೂಪಾಯಿ ಅಗಲ ಒದ್ದೆಯಾಗುವವರೆಗೆ ಕಾಯಬೇಕು. ಟಿಶ್ಯೂ ಕಾಗದ ಹೊಸೆದು, ತುದಿಗೆ ಸ್ಪಿರಿಟ್ ಅದ್ದಿ, ಕಡ್ಡಿ ಗೀರಿ ಒಳಗೆ ಬಿಟ್ಟು ಮುಚ್ಚಳ ಹಾಕಬೇಕು. ಚಿಮಣಿ ಬಿಸಿಯಾಗುವ ತನಕ ಹತ್ತಿಪ್ಪತ್ತು ನಿಮಿಷ ಗುಂಡಿ ಮುಟ್ಟಬಾರದು. ನಾನು ತಿಪಟೂರಿನ ಕಡೆಯವಳು. ಬಚ್ಚಲ ಹಂಡೆ ಒಲೆಗೆ ತೆಂಗಿನ ಮಟ್ಟೆ ಒಟ್ಟಿ, ಹೊಗೆ ಕುಡಿದು ಬೆಳೆದವಳು. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು. ನಮ್ಮವರು ಕುಂದಾಪುರದವರು, ನೀರು ಅವರದು, ಬೆಂಕಿ ನನ್ನದು.

ಒಂದು ಎಚ್ಚರಿಕೆ. ಉರಿ ಆರಿಹೋಗಿ ಬಟ್ಟಲು ಇನ್ನೂ ಬಿಸಿಯಿದ್ದರೆ ಮತ್ತೆ ಎಣ್ಣೆ ಬಿಡಬೇಡಿ. ಬಿಳೀ ಹೊಗೆ ತುಂಬಿಕೊಂಡು ಢಮ್ ಅನ್ನುತ್ತದೆ. ಪೂರ್ತಿ ತಣ್ಣಗಾದ ಮೇಲೇ ಹಚ್ಚಿ.

ಶುರುವಿನ ಎರಡು ವಾರ ಚೆನ್ನಾಗೇ ಇತ್ತು. ಕ್ವಾಡ್ರಾ ದ್ವೀಪದ ಗೌಲ್ಯಾಂಡ್ ಹಾರ್ಬರ್‌ನಲ್ಲಿ ಸೀಮೋರ್ ನ್ಯಾರೋಸ್ ದಾಟಲು ಕಾಯುತ್ತಾ ಕೂತ ಬೆಳಿಗ್ಗೆ ನೆನಪಿದೆ. ಆ ಇಕ್ಕಟ್ಟಿನಲ್ಲಿ ಉಬ್ಬರ ಇಳಿತದ ನೀರು ಜೋರಾದಾಗ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ನಮ್ಮ ದೋಣಿ ಎಷ್ಟು ಗದರಿಸಿದರೂ 7 ನಾಟ್. ನಡುವೆ ಹಡಗುಗಳನ್ನು ನುಂಗುತ್ತಿದ್ದ ಒಂದು ಮುಳುಗು ಬಂಡೆ ಇತ್ತಂತೆ, 1958ರ ಏಪ್ರಿಲ್‌ನಲ್ಲಿ ಸಿಡಿಮದ್ದು ಇಟ್ಟು ಅದರ ತಲೆ ಹಾರಿಸಿದರು. ಬಂಡೆ ಹೋದರೂ ಸೆಳೆತ ಹೋಗಿಲ್ಲ. ನೀರು ಸುಮ್ಮನಾಗುವ ಹೊತ್ತಿಗೆ ಸರಿಯಾಗಿ ಹೋಗಬೇಕು. ಅವತ್ತು ಅದು ಹನ್ನೊಂದೂವರೆಗೆ. ಅಲ್ಲಿವರೆಗೆ ಒಲೆ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟಿದೆ. ಒಲೆಯ ಮೇಲಿನ ತಗಡಿನಲ್ಲಿ ಬಲಗಡೆ ಹಿಂದಿನ ಮೂಲೆ ಜಾಸ್ತಿ ಬಿಸಿ, ಕಾವಲಿ ಅಲ್ಲಿಗೆ. ಎಡಗಡೆ ಮುಂದೆ ಕಾಫಿ ಡಿಕಾಕ್ಷನ್ ಕುದಿಯದೆ ಬಿಸಿಯಾಗಿ ಉಳಿಯುತ್ತದೆ.

ಆಮೇಲೆ ಜಾನ್‌ಸ್ಟೋನ್ ಜಲಸಂಧಿ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನವಾಗುತ್ತಿದ್ದ ಹಾಗೆ ವಾಯುವ್ಯದ ಗಾಳಿ ಏಳುತ್ತದೆ. ಪೋರ್ಟ್ ನೆವಿಲ್ ಒಳಗೆ ನುಗ್ಗಿ ಲಂಗರು ಹಾಕಿದೆವು. ಗಾಳಿ ರಾತ್ರಿಯೂ ಬಿಡಲಿಲ್ಲ. ಒಲೆ ಎರಡರಲ್ಲಿಟ್ಟು ಮಲಗಿದ್ದೆವು. ರಾತ್ರಿ ಎರಡು ಗಂಟೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚಿತು. ಗಾಳಿ ಚಿಮಣಿಯೊಳಗೆ ಮೇಲಿಂದ ಕೆಳಕ್ಕೆ ನುಗ್ಗಿ ಹೊಗೆಯನ್ನೆಲ್ಲ ಕ್ಯಾಬಿನ್ನಿಗೆ ದಬ್ಬಿತ್ತು. ಕಿಟಕಿ, ಬಾಗಿಲು, ಮೇಲಿನ ಮುಚ್ಚಳ ಎಲ್ಲ ತೆಗೆದು, ಒಲೆ ಆರಿಸಿ, ಕಂಬಳಿ ಹೊದ್ದುಕೊಂಡು ಬೆಳಗಿನವರೆಗೆ ಡೆಕ್ ಮೇಲೆ ಕೂತೆವು. "ಎಂಥ ಒಲೆ ಮಾರಾಯ್ತಿ ಇದು, ನಮ್ಮನ್ನೇ ಬೇಯಿಸ್ತದಲ್ಲ" ಅಂದರು ನಮ್ಮವರು. ನನಗೆ ನಗು ಬರಲಿಲ್ಲ. ಅಲಾರಂ ಇಲ್ಲದಿದ್ದರೆ ಈ ವಿಮರ್ಶೆ ಬರೆಯಲು ನಾನು ಇರುತ್ತಿರಲಿಲ್ಲ. ಇಪ್ಪತ್ತು ವರ್ಷದ ಹಳೇ ಅಲಾರಂ ನಿಮ್ಮ ದೋಣಿಯಲ್ಲಿದ್ದರೆ ಇವತ್ತೇ ಬದಲಿಸಿ.

ಎರಡು ದಿನ ಬಿಟ್ಟು ಪೋರ್ಟ್ ಮೆಕ್‌ನೀಲ್‌ನಲ್ಲಿ ದಡಕ್ಕೆ ಕಟ್ಟಿದೆವು. ಬಟ್ಟೆ ಒಗೆಯಬೇಕಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಬಿಳೀ ದೋಣಿಯ ಡೆಕ್ ತುಂಬ ಕರೀ ಚುಕ್ಕೆ, ಸಾಸಿವೆ ಎರಚಿದ ಹಾಗೆ. ನಮ್ಮ ಚಿಮಣಿಯ ಮಸಿ. ಎಣ್ಣೆ ಜಿಡ್ಡಿನ ಮಸಿ, ಒರೆಸಿದರೆ ಗೀಟಾಗುತ್ತದೆ. ಒಗೆದು ಹರವಿದ್ದ ನನ್ನ ಎರಡು ಕುರ್ತಾಗಳೂ ಹಾಳು. ಅವತ್ತೇ ಫೋನ್ ಮಾಡಿ, ಫ್ಯಾನಿರುವ ಹೊಸ ಥರದ ಹೀಟರ್ ಹಾಕಿಸಲು ಎಷ್ಟಾಗುತ್ತದೆ ಅಂತ ಕೇಳಿದೆ. ಫಿಟ್ಟಿಂಗ್ ಸೇರಿ ಏಳು ಸಾವಿರ ಡಾಲರ್ ಅಂದರು. ನಮ್ಮ ಇಡೀ ಬೇಸಿಗೆಯ ಖರ್ಚಿಗೆ ಇಟ್ಟುಕೊಂಡದ್ದೇ ಒಂಬತ್ತು ಸಾವಿರ.

ಒಂದು ಬಕೆಟ್ ಸೋಪಿನ ನೀರು, ಒಂದು ಡಬ್ಬಿ ಕೋಡುಬಳೆ ಹಿಡಿದುಕೊಂಡು ಪಕ್ಕದ ದೋಣಿಗೆ ತಪ್ಪೊಪ್ಪಿಕೊಳ್ಳಲು ಹೋದೆ. ಆ ಮನುಷ್ಯ ನಿವೃತ್ತ ಮೀನುಗಾರ. ಬಯ್ಯಲಿಲ್ಲ. ಕೋಡುಬಳೆ ಕಡಿಯುತ್ತಾ ನಮ್ಮ ದೋಣಿಗೆ ಬಂದು, ಒಲೆಯ ಮುಚ್ಚಳ ತೆಗೆದು ಉರಿ ನೋಡಿದ. ಈ ಕರಾವಳಿಯ ಹಳೇ ಮೀನುದೋಣಿಗಳಲ್ಲೆಲ್ಲ ಇದೇ ಥರದ ಒಲೆಯಂತೆ, ಮೀನಿನ ಹಂಗಾಮು ಮುಗಿಯುವವರೆಗೆ ಆರಿಸುತ್ತಲೇ ಇರಲಿಲ್ಲವಂತೆ. ಅವನು ಹೇಳಿದ್ದು ಮೂರೇ ಮಾತು. ಎಣ್ಣೆ ಜಾಸ್ತಿ ಬಿಡುತ್ತಿದ್ದೀರಿ. ಬಟ್ಟಲಲ್ಲಿ ಕಿಟ್ಟ ಕಟ್ಟಿದೆ. ಚಿಮಣಿ ಗಿಡ್ಡ.

ಕಿಟ್ಟ ಕೆರೆಯಲು ಅರ್ಧ ದಿನ ಹಿಡಿಯಿತು. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಸುಟ್ಟ ಕೊಬ್ಬರಿ ಚಿಪ್ಪಿನಂಥ ಚಕ್ಕೆಗಳು ಎದ್ದವು. ನಮ್ಮವರ ಕೈ ಮೂರು ದಿನ ಕಪ್ಪು. ಹಡಗಿನ ಸಾಮಾನಿನ ಅಂಗಡಿಯಲ್ಲಿ ಎರಡಡಿ ಚಿಮಣಿ ಕೊಳವೆ, ಅದರ ಮೇಲಕ್ಕೆ ಇಂಗ್ಲಿಷಿನ ಎಚ್ ಆಕಾರದ ಟೊಪ್ಪಿ ಸಿಕ್ಕಿತು. ಎರಡೂ ಸೇರಿ 240 ಡಾಲರ್. ನೋಡಲು ದೋಣಿ ಈಗ ರೈಸ್‌ಮಿಲ್ಲಿನ ಥರ ಕಾಣುತ್ತದೆ. ಆದರೆ ಅಲಾರಂ ಮತ್ತೆ ಕೂಗಿಲ್ಲ, ಮಸಿಯೂ ಬಿದ್ದಿಲ್ಲ, ಹಚ್ಚಿದ ಮೊದಲ ಹತ್ತು ನಿಮಿಷ ಬಿಟ್ಟರೆ.

ಕೇಪ್ ಕಾಷನ್ ದಾಟುವಾಗ ತೆರೆದ ಪೆಸಿಫಿಕ್. ಒಲೆ ಆರಿಸಿ, ಶುಂಠಿ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದೆ. ಅದರ ಬಗ್ಗೆ ಇಷ್ಟು ಸಾಕು.

ನನ್ನ ಮನಸ್ಸು ಬದಲಾದದ್ದು ಓಷನ್ ಫಾಲ್ಸ್‌ನಲ್ಲಿ. ಉದ್ದನೆಯ ಕೊಲ್ಲಿಯ ತುದಿಯಲ್ಲಿರುವ ಊರು. ದೊಡ್ಡ ಕಾಗದದ ಕಾರ್ಖಾನೆ ಇತ್ತು, 1980ರಲ್ಲಿ ಮುಚ್ಚಿತು. ಈಗ ಅಣೆಕಟ್ಟು, ಖಾಲಿ ಕಟ್ಟಡಗಳು, ಬೆರಳೆಣಿಕೆಯ ಜನ, ಮತ್ತೆ ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುತ್ತದೆ. ಆಗುಂಬೆಗೆ ಇದು ಲೆಕ್ಕಕ್ಕಿಲ್ಲ ಅಂತ ನಮ್ಮವರು ಮೊದಲ ದಿನ ಜಂಬ ಕೊಚ್ಚಿದರು. ಮೂರನೇ ದಿನ "ಆಸಾಡಿ ಮಳೆಯೂ ಇಷ್ಟು ತಣ್ಣಗಿರುವುದಿಲ್ಲ" ಅಂದು ಸುಮ್ಮನಾದರು. ಆರು ದಿನ ಅಲ್ಲೇ ಕಟ್ಟಿಕೊಂಡಿದ್ದೆವು. ಹೊರಗೆ ಹತ್ತು ಡಿಗ್ರಿ. ಒಲೆ ಒಂದೂವರೆಯಲ್ಲಿ ಹಗಲೂ ರಾತ್ರಿ.

ಊರು ಬಿಟ್ಟಾಗಿಂದ ಮೊಸರು ಹೆಪ್ಪಾಗಿರಲಿಲ್ಲ. ಮನೆಯಿಂದ ತಂದಿದ್ದ ಹೆಪ್ಪನ್ನು ವಾರಕ್ಕೊಂದು ಸಲ ಹೊಸ ಹಾಲಿಗೆ ಹಾಕಿ ಜೀವ ಉಳಿಸಿಕೊಂಡಿದ್ದೆ, ಆದರೆ ಆಗುತ್ತಿದ್ದದ್ದು ನೀರು ನೀರಾದ ಹುಳಿ ಹಾಲು. ಬೆಲ್ಲಾ ಬೆಲ್ಲಾದಲ್ಲಿ ನಾಲ್ಕು ಲೀಟರಿನ ಹಾಲಿನ ಕ್ಯಾನ್ ಕೊಂಡಿದ್ದೆ. ಒಲೆಯ ಮೇಲೆ, ಒಂದು ಮೊಳ ಎತ್ತರದಲ್ಲಿ, ಟವೆಲ್ ಒಣಗಿಸುವ ಹಲಗೆ ಇದೆ. ಅಲ್ಲಿ ಸ್ಟೀಲ್ ಡಬ್ಬಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಇಟ್ಟೆ. ಬೆಳಿಗ್ಗೆ ಡಬ್ಬಿ ಓರೆ ಮಾಡಿದರೆ ಮೊಸರು ಅಲ್ಲಾಡಲಿಲ್ಲ. ಚಮಚ ಹಾಕಿದರೆ ಗೋಡೆ ಕೊಯ್ದ ಹಾಗೆ ಕಟ್ಟಾಗಿ ನಿಂತಿತು. ಆ ಒಂದು ಡಬ್ಬಿ ಮೊಸರನ್ನು ಇಬ್ಬರೂ ಬರೀ ಉಪ್ಪು ಹಾಕಿಕೊಂಡು ತಿಂದು ಮುಗಿಸಿದೆವು. ಹೆಪ್ಪಿಗೆ ಉಳಿಸಿಕೊಳ್ಳಬೇಕು ಅಂತ ನೆನಪಾಗುವಷ್ಟರಲ್ಲಿ ಎರಡು ಚಮಚ ಉಳಿದಿತ್ತು.

ಮಾರನೇ ದಿನ ದೋಸೆ ಹಿಟ್ಟು. ಎಂಜಿನ್ ಓಡುವಾಗ ಇನ್ವರ್ಟರಿನಿಂದ ಮಿಕ್ಸಿ ನಡೆಯುತ್ತದೆ, ಹಾಗಾಗಿ ಬರುವಾಗ ದಾರಿಯಲ್ಲೇ ರುಬ್ಬಿ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಅದನ್ನೂ ಹಲಗೆಗೆ ಏರಿಸಿದೆ. ಹುದುಗುವುದನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ರಾತ್ರಿ ಯಾವುದೋ ಹೊತ್ತಿನಲ್ಲಿ ಹಿಟ್ಟು ಉಕ್ಕಿ ಒಲೆಯ ಮೇಲೆ ಸುರಿದು, ತಗಡಿನ ಅರ್ಧ ಭಾಗಕ್ಕೆ ಹರಡಿಕೊಂಡಿತ್ತು. ಘಮಘಮ ವಾಸನೆಗೆ ಎಚ್ಚರವಾಯಿತು. ನಾನು ತಲೆ ಮೇಲೆ ಕೈ ಹೊತ್ತು ನಿಂತರೆ, ನಮ್ಮವರು ಮಗುಚುವ ಕೈಯಿಂದ ಎಬ್ಬಿಸಿ, ಬೆಳಗಿನ ಜಾವ ನಾಲ್ಕಕ್ಕೆ ಚಟ್ನಿಪುಡಿ ಜೊತೆ ತಿನ್ನುತ್ತಿದ್ದರು.

ಅಲ್ಲಿಂದ ಮುಂದೆ ಪ್ರಿನ್ಸ್ ರೂಪರ್ಟ್‌ವರೆಗೆ ದಿನಕ್ಕೊಂದು ಕ್ರಮವಾಯಿತು. ಏಳುತ್ತಿದ್ದ ಹಾಗೆ ಮೊಸರು ನೋಡುವುದು. ಒದ್ದೆ ಸಾಕ್ಸು ಕಂಬಿಗೆ. ಮಂಜಿದ್ದರೆ ಹೊರಡುವ ಮಾತಿಲ್ಲ, ಒಲೆಯೊಳಗಿನ ಗೂಡಿನಲ್ಲಿ ಗೆಣಸು ಬೇಯಲು ಇಟ್ಟು ವಿಎಚ್‌ಎಫ್ ರೇಡಿಯೋದಲ್ಲಿ ಹವಾಮಾನ ಕೇಳುವುದು. ಏಡಿ ಮಾತ್ರ ನನ್ನ ಒಲೆಗೆ ಬರುವ ಹಾಗಿಲ್ಲ. ನಮ್ಮವರು ಬುಟ್ಟಿ ಹಾಕಿ ಡಂಜನೆಸ್ ಏಡಿ ಹಿಡಿಯುತ್ತಾರೆ, ಚಿಪ್ಪು 165 ಮಿಲಿಮೀಟರಿಗಿಂತ ಕಿರಿದಾದರೆ ವಾಪಸ್ ನೀರಿಗೆ, ದೊಡ್ಡದಾದರೆ ಹಿಂದಿನ ಡೆಕ್ ಮೇಲಿನ ಗ್ಯಾಸಿಗೆ. ಪ್ರಿನ್ಸ್ ರೂಪರ್ಟ್‌ನಲ್ಲಿ ಉಬ್ಬರ ಇಳಿತದ ಅಂತರ 7 ಮೀಟರ್ ಮುಟ್ಟುತ್ತದೆ. ಇಳಿತದ ಹೊತ್ತಿನಲ್ಲಿ ಹಾಲಿನ ಕ್ಯಾನ್ ಹಿಡಿದು ದಡದಿಂದ ತೇಲುಕಟ್ಟೆಗೆ ಸೇತುವೆ ಇಳಿಯುವುದು ಅಂದರೆ ಏಣಿ ಇಳಿದ ಹಾಗೆ. ಗಂಗೊಳ್ಳಿಯ ಅಳಿವೆ ನೋಡಿ ಬೆಳೆದ ನಮ್ಮವರು ಅಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಇಷ್ಟು ಹೊಗಳಿದ ಮೇಲೆ ತಾಪತ್ರಯವನ್ನೂ ಹೇಳಬೇಕು. ಆಗಸ್ಟ್‌ನಲ್ಲಿ ವಾಪಸ್ ಬರುವಾಗ ಡೆಸೊಲೇಷನ್ ಸೌಂಡ್‌ನಲ್ಲಿ ಹತ್ತು ದಿನ ಇದ್ದೆವು. 1792ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ ಬೇಜಾರಾಗಿ ಇಟ್ಟ ಹೆಸರು ಅದು, ಡೆಸೊಲೇಷನ್ ಅಂದರೆ ಹಾಳು ಸುರಿಯುವುದು. ಈಗ ಬೇಸಿಗೆಯಲ್ಲಿ ದೋಣಿಗಳ ಜಾತ್ರೆ. ಉತ್ತರ, ದಕ್ಷಿಣದ ಉಬ್ಬರಗಳು ಅಲ್ಲೇ ಸುತ್ತಮುತ್ತ ಸೇರುವುದರಿಂದ ನೀರು ಹೆಚ್ಚು ಕದಲುವುದಿಲ್ಲ, 20 ಡಿಗ್ರಿ ದಾಟಿ ಬೆಚ್ಚಗಾಗುತ್ತದೆ. ಈಜಲು ಸ್ವರ್ಗ. ಅಂಥ ಕಡೆ ಒಲೆ ಹಚ್ಚಿದರೆ ಕ್ಯಾಬಿನ್ ಬಟ್ಟಿಯಾಗುತ್ತದೆ. ಒಂದು ಲೋಟ ಕಾಫಿಗೆ ಮುಕ್ಕಾಲು ಗಂಟೆ ಬೇರೆ. ಇದೊಂದೇ ಒಲೆ ಸಾಕು ಅನ್ನುವವರನ್ನು ನಂಬಬೇಡಿ, ಎರಡು ಬರ್ನರಿನ ಗ್ಯಾಸ್ ಬೇಕೇ ಬೇಕು. ಮೂರು ವಾರಕ್ಕೊಮ್ಮೆ ಕಿಟ್ಟ ಕೆರೆಯಬೇಕು. ತಿಂಗಳಿಗೆರಡು ರಾತ್ರಿ ದೋಣಿಯಲ್ಲಿ ಮಲಗುವವರಾದರೆ ಇದರ ತಂಟೆಗೆ ಹೋಗಬೇಡಿ.

ಡೀಸೆಲ್ ಲೆಕ್ಕ ಬರೆದಿಟ್ಟಿದ್ದೇನೆ. ಕಡಿಮೆ ಉರಿಯಲ್ಲಿ ಹಗಲೂ ರಾತ್ರಿ ಇಟ್ಟರೆ ದಿನಕ್ಕೆ ಆರೇಳು ಲೀಟರ್. ನಮ್ಮ ಎಂಜಿನ್ ಒಂದು ಗಂಟೆಗೆ ಅಷ್ಟು ಕುಡಿಯುತ್ತದೆ.

ಸೆಪ್ಟೆಂಬರಿನಲ್ಲಿ ವ್ಯಾಂಕೂವರ್ ಪಕ್ಕದ ಬರ್ನಬಿಯ ಫ್ಲ್ಯಾಟಿಗೆ ವಾಪಸಾದೆವು. ನವೆಂಬರ್ ಹೊತ್ತಿಗೆ ಮೊಸರು ಮತ್ತೆ ಕೈಕೊಟ್ಟಿತು. ಓವನ್ ದೀಪ ಹಾಕಿಟ್ಟೆ, ಹೀಟರಿನ ಮೇಲೆ ಇಟ್ಟೆ, ಕಂಬಳಿ ಹೊದಿಸಿದೆ. ಹುಳಿ ನೀರು. ಒಂದು ಶುಕ್ರವಾರ ಸಂಜೆ ನಮ್ಮವರು ಏನೂ ಮಾತಾಡದೆ ಹಾಲಿನ ಕ್ಯಾನ್, ಹೆಪ್ಪಿನ ಡಬ್ಬಿ ಎರಡನ್ನೂ ಕಾರಿನಲ್ಲಿಟ್ಟರು. ಮರೀನಾ ನಲವತ್ತು ನಿಮಿಷದ ದಾರಿ. ಜೋರು ಮಳೆ. ಹೋಗುವ ದಾರಿಯಲ್ಲಿ ನೆನಪಾಯಿತು, ಟಿಶ್ಯೂ ಕಾಗದ ಮನೆಯಲ್ಲೇ ಮರೆತಿದ್ದೆವು.